ಮಲೆನಾಡಿನಲ್ಲಿ ಗಾಳದ ಕೋಲು ಕಟ್ಟುವುದು ಮತ್ತು ದುರಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿಯ ನಮ್ಮ ಮನೆಯ ಹಿತ್ತಿಲ ಕಡೆಯ ಕೋಣೆಯಲ್ಲಿ ನಾನು ಗಾಳದ ಕೋಲುಗಳನ್ನು ಕಟ್ಟುತ್ತೇನೆ, ಮುರಿದು ಬಂದವನ್ನು ಜೋಡಿಸಿಕೊಡುತ್ತೇನೆ. ಸಾಗರ, ಹೊಸನಗರ, ಕೊಪ್ಪದ ಕಡೆಯಿಂದ ಬರುವವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅವುಗಳಿಗೆ ಇಲ್ಲಿ ಸಾವಧಾನವಾಗಿ ಉತ್ತರಿಸಿದ್ದೇನೆ. ಎರಡು ಪದಗಳನ್ನು ಮೊದಲೇ ಹೇಳಿಬಿಡುತ್ತೇನೆ: ಹಿಡಿ, ಬಳೆ ಯಾವುದನ್ನೂ ಜೋಡಿಸದ ಬೋಳು ಕೋಲನ್ನು ಬ್ಲ್ಯಾಂಕ್ ಎನ್ನುತ್ತಾರೆ, ದಾರ ಹಾಯ್ದುಹೋಗುವ ಬಳೆಗಳಿಗೆ ಗೈಡು ಎಂಬ ಹೆಸರಿದೆ.

ಅಂಗಡಿಯಲ್ಲಿ ಸಿದ್ಧ ರಾಡು ಸಿಗುವಾಗ ಕಟ್ಟಿಸಿಕೊಳ್ಳುವ ಅಗತ್ಯವೇನು?

ಎಲ್ಲರಿಗೂ ಅಗತ್ಯವಿಲ್ಲ. ವರ್ಷಕ್ಕೆ ನಾಲ್ಕು ಬಾರಿ ಹಿನ್ನೀರಿನ ದಡದಲ್ಲಿ ಕೂರುವವರಿಗೆ ಅಂಗಡಿಯ ರಾಡು ಧಾರಾಳವಾಗಿ ಸಾಕು. ಆದರೆ ಸಿದ್ಧ ರಾಡು ಯಾರದೋ ಕೈಯಳತೆಗೆ, ಯಾವುದೋ ನೀರಿಗೆ ಎಂದು ತಯಾರಾಗಿರುತ್ತದೆ. ನಮ್ಮ ಹಳ್ಳಗಳ ಮೇಲೆ ಎರಡೂ ಕಡೆಯ ಮರಗಳು ಚಪ್ಪರದಂತೆ ಬಾಗಿರುತ್ತವೆ, ಅಲ್ಲಿ 8 ಅಡಿಯ ಕೋಲನ್ನು ಬೀಸಲು ಜಾಗವೇ ಇರುವುದಿಲ್ಲ. ಕಟ್ಟಿದ ಕೋಲಿನಲ್ಲಿ ಉದ್ದ, ಹಿಡಿಯ ದಪ್ಪ, ರೀಲು ಕೂರುವ ಜಾಗ, ಗೈಡುಗಳ ಅಂತರ ಎಲ್ಲವನ್ನೂ ನಿಮ್ಮ ತೋಳಿಗೂ ನಿಮ್ಮ ನೀರಿಗೂ ಹೊಂದಿಸಬಹುದು. ಕಟ್ಟಿದವರಿಗೆ ಅದರ ಒಳಹೊರಗು ಗೊತ್ತಿರುವುದರಿಂದ ಮುಂದೆ ಕೆಟ್ಟಾಗ ಸರಿಪಡಿಸುವುದೂ ಸುಲಭ. ನನ್ನ ಮಟ್ಟಿಗೆ ಈ ಎರಡನೆಯ ಕಾರಣವೇ ದೊಡ್ಡದು.

ನಮ್ಮ ಕಡೆಯ ನೀರಿಗೆ ಎಂಥ ಕೋಲು ಹೊಂದುತ್ತದೆ?

ನೀರನ್ನು ಮೂರು ಬಗೆಯಾಗಿ ನೋಡುವುದು ನನ್ನ ಪದ್ಧತಿ. ಕಿರಿದಾದ ಹಳ್ಳಗಳಿಗೆ ಐದೂವರೆಯಿಂದ 6 ಅಡಿಯ, ತುದಿ ಮೃದುವಾದ ಹಗುರ ಕೋಲು ಸಾಕು. ಕೆರೆ ಮತ್ತು ನಿಧಾನವಾಗಿ ಹರಿಯುವ ಹೊಳೆಯ ಗುಂಡಿಗಳಿಗೆ ಆರೂವರೆಯಿಂದ 7 ಅಡಿ ಸರಿಹೋಗುತ್ತದೆ; ಕೊರವ ಮೀನಿಗೆ ಕಳೆಯ ನಡುವೆ ಕಪ್ಪೆಯಾಕಾರದ ರಬ್ಬರ್ ಎರೆ ಎಸೆಯುವವರು ಇದೇ ಉದ್ದದಲ್ಲಿ ಸ್ವಲ್ಪ ಗಟ್ಟಿಯಾದ ಬ್ಲ್ಯಾಂಕ್ ಆರಿಸಬೇಕು, ಏಕೆಂದರೆ ಗಾಳ ಕಚ್ಚಿದ ಕ್ಷಣವೇ ಮೀನನ್ನು ಕಳೆಯಿಂದ ಹೊರಗೆಳೆಯದಿದ್ದರೆ ಅದು ಬೇರುಗಳಿಗೆ ಸುತ್ತಿಕೊಂಡು ದಾರವನ್ನು ಹರಿಯುತ್ತದೆ. ಲಿಂಗನಮಕ್ಕಿಯ ಅಥವಾ ಭದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ದೂರ ಎಸೆಯಬೇಕಾಗುವುದರಿಂದ 8 ಅಡಿಯಿಂದ 10 ಅಡಿಯವರೆಗಿನ ಕೋಲು ಬೇಕು. ಶರಾವತಿಯ ಹಿನ್ನೀರಿನಲ್ಲಿ 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇಂದಿಗೂ ಬೇಸಿಗೆಯಲ್ಲಿ ತಲೆಯೆತ್ತುತ್ತವೆ. ಅವುಗಳ ನಡುವೆ ಕಾಟ್ಲಾ ಹಿಡಿಯಲು ಹೋಗುವವರು ಬುಡದಲ್ಲಿ ಬಲವಿರುವ ಬ್ಲ್ಯಾಂಕ್ ಆರಿಸುವುದು ಕ್ಷೇಮ.

ಕಾರ್ಬನ್ ಒಳ್ಳೆಯದೋ, ಫೈಬರ್ ಗ್ಲಾಸ್ ಒಳ್ಳೆಯದೋ?

ಕಾರ್ಬನ್ ಎಳೆಯ ಬಿಗುಪು ಗಾಜಿನ ಎಳೆಗಿಂತ ಸುಮಾರು ಮೂರು ಪಟ್ಟು ಹೆಚ್ಚು, ತೂಕವೂ ಕಡಿಮೆ. ಹಾಗಾಗಿ ಕಾರ್ಬನ್ ಕೋಲು ತೆಳ್ಳಗಿದ್ದರೂ ಗಟ್ಟಿಯಾಗಿರುತ್ತದೆ, ಮೀನು ಎರೆಯನ್ನು ಮೂಸಿದ್ದೂ ಕೈಗೆ ತಿಳಿಯುತ್ತದೆ. ಗ್ಲಾಸ್ ಭಾರ, ಸ್ವಲ್ಪ ಜಡ. ಆದರೆ ಮುರಿಯುವ ಮೊದಲು ಬಹಳ ಬಾಗುತ್ತದೆ, ಬಂಡೆಗೆ ತಾಗಿದರೂ ಸಹಿಸಿಕೊಳ್ಳುತ್ತದೆ. ಮಕ್ಕಳ ಕೈಗೆ ಕೊಡುವುದಾದರೆ, ಜೀಪಿನ ಹಿಂಬದಿಯಲ್ಲಿ ಹಾರೆ ಗುದ್ದಲಿಗಳ ಜೊತೆ ಬಿದ್ದಿರುವುದಾದರೆ ನಾನು ಯಾವ ಅನುಮಾನವೂ ಇಲ್ಲದೆ ಗ್ಲಾಸನ್ನೇ ಹೇಳುತ್ತೇನೆ. ದುರಸ್ತಿಗೂ ಅದು ಹೆಚ್ಚು ಒಗ್ಗುತ್ತದೆ.

ವಾಟೆ, ಬಿದಿರಿನ ಕೋಲು ಈಗಲೂ ಉಪಯೋಗಕ್ಕೆ ಬರುತ್ತದೆಯೇ?

ಖಂಡಿತವಾಗಿ ಬರುತ್ತದೆ. ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ವಿಶೇಷ ಸಂತೋಷ. ರೀಲು ಇಲ್ಲದೆ, ಬೆಂಡು ಕಟ್ಟಿ, ಎರೆಹುಳು ಪೋಣಿಸಿ ಗಾಳ ಹಾಕುವವರಿಗೆ ಚೆನ್ನಾಗಿ ಹದಗೊಳಿಸಿದ ಬಿದಿರಿನ ಕೋಲಿಗೆ ಸಮನಾದದ್ದು ಇಲ್ಲ. ಟೊಳ್ಳು ಕಡಿಮೆಯಿರುವ ಕಿರುಬಿದಿರು ಬಲಕ್ಕೆ ಒಳ್ಳೆಯದು. ವಾಟೆ ಹಗುರ, ಆದರೆ ಗೋಡೆ ತೆಳುವಾದ್ದರಿಂದ ಸಣ್ಣ ಮೀನಿಗಷ್ಟೇ ಸರಿ.

ಕಡಿಯುವ ಕಾಲ ಮುಖ್ಯ. ಮಳೆ ನಿಂತು ಚಳಿ ಹಿಡಿದ ಮೇಲೆ, ಮೂರು ವರ್ಷ ದಾಟಿದ ಗಳವನ್ನು ಕಡಿಯಬೇಕು. ಎಳೆಯ ಕಳಲೆಯಿಂದ ಮೇಲೆದ್ದ ವರ್ಷದ ಗಳದಲ್ಲಿ ನೀರೂ ಪಿಷ್ಟವೂ ಹೆಚ್ಚು. ಒಣಗಿದಾಗ ಅದು ಸುಕ್ಕುಗಟ್ಟುತ್ತದೆ, ಪಿಷ್ಟದ ಆಸೆಗೆ ಕುಟ್ಟೆ ಹುಳು ಬೀಳುತ್ತದೆ. ಹಿರಿಯರು ಗಳವನ್ನು ಹರಿಯುವ ನೀರಿನಲ್ಲಿ ಎರಡು ಮೂರು ವಾರ ಮುಳುಗಿಸಿಡುತ್ತಿದ್ದುದಕ್ಕೆ ಇದೇ ಕಾರಣ: ಪಿಷ್ಟ ಕರಗಿ ಹೋದರೆ ಹುಳುವಿಗೆ ಅಲ್ಲಿ ಊಟವಿಲ್ಲ. ಬಳಿಕ ನೆರಳಿನಲ್ಲಿ, ನೆಲಕ್ಕೆ ತಾಗದಂತೆ, ತುದಿಗೆ ಸಣ್ಣ ಕಲ್ಲು ಕಟ್ಟಿ ನೇರವಾಗಿ ನೇತುಹಾಕಿ ಎರಡು ತಿಂಗಳಾದರೂ ಒಣಗಿಸಬೇಕು. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದ ಗಳ ಇನ್ನೂ ಬಾಳಿಕೆ ಬರುತ್ತದೆ. ಡೊಂಕು ಇದ್ದ ಗಿಣ್ಣನ್ನು ಕೆಂಡದ ಮೇಲೆ ನಿಧಾನವಾಗಿ ತಿರುಗಿಸುತ್ತಾ ಕಾಯಿಸಿದರೆ ಅದು ಮೆತ್ತಗಾಗುತ್ತದೆ. ಆಗ ಮೊಣಕಾಲಿಗೆ ಒತ್ತಿ ನೇರ ಮಾಡಿ, ತಣ್ಣಗಾಗುವವರೆಗೂ ಹಾಗೆಯೇ ಹಿಡಿದಿರಬೇಕು. ಮೊದಲೇ ಬಿಟ್ಟರೆ ಮತ್ತೆ ಹಳೆಯ ಡೊಂಕಿಗೇ ಹೋಗುತ್ತದೆ. ಅರಣ್ಯದ ಬಿದಿರನ್ನು ಕೇಳದೆ ಕಡಿಯಬಾರದು. ಹಿತ್ತಿಲಲ್ಲಿ ಮೆಳೆ ಇರುವವರಿಂದ ಪಡೆಯಿರಿ, ಇಲ್ಲವೇ ಗಳದ ಗುಣ ಮುಟ್ಟಿ ಹೇಳಬಲ್ಲ ಮೇದಾರರಿಂದ ಕೊಳ್ಳಿರಿ.

ಬ್ಲ್ಯಾಂಕಿನ ‘ಬೆನ್ನು’ ನೋಡಬೇಕು ಎನ್ನುತ್ತಾರೆ. ಹಾಗೆಂದರೇನು?

ರಾಳ ತೊಯ್ಸಿದ ಕಾರ್ಬನ್ ಅಥವಾ ಗಾಜಿನ ಬಟ್ಟೆಯನ್ನು ಉಕ್ಕಿನ ಕಡ್ಡಿಗೆ ಸುತ್ತಿ ಬೇಯಿಸಿ ಬ್ಲ್ಯಾಂಕ್ ಮಾಡುತ್ತಾರೆ. ಬಟ್ಟೆಯ ಅಂಚುಗಳು ಒಂದರ ಮೇಲೊಂದು ಬರುವ ಕಡೆ ಗೋಡೆ ಒಂದಿಷ್ಟು ಗಟ್ಟಿಯಾಗುತ್ತದೆ. ಅದನ್ನೇ ಬೆನ್ನು ಎನ್ನುವುದು. ಬುಡವನ್ನು ನೆಲಕ್ಕೂರಿ, ತುದಿಯನ್ನು ಅಂಗೈಯಲ್ಲಿ ಸಡಿಲವಾಗಿ ಹಿಡಿದು, ನಡುವೆ ಇನ್ನೊಂದು ಕೈಯಿಂದ ಒತ್ತಿ ಉರುಳಿಸಿದರೆ ಕೋಲು ತಾನಾಗಿ ಒಂದು ಭಂಗಿಗೆ ಹೊರಳಿ ನಿಲ್ಲುತ್ತದೆ. ಗೈಡುಗಳನ್ನು ಈ ಗೆರೆಗೆ ಹೊಂದಿಸಿದರೆ ಮೀನು ಎಳೆಯುವಾಗ ಕೋಲು ಕೈಯಲ್ಲಿ ತಿರುಚುವುದು ಕಡಿಮೆಯಾಗುತ್ತದೆಂದು ಹಲವರ ನಂಬಿಕೆ. ಗೈಡುಗಳು ಕೆಳಗಿರುವ ಸ್ಪಿನ್ನಿಂಗ್ ಕೋಲಿನಲ್ಲಿ ದಾರವೇ ಕೋಲನ್ನು ನೆಟ್ಟಗೆ ಹಿಡಿಯುವುದರಿಂದ ವ್ಯತ್ಯಾಸ ಅಲ್ಪ ಎಂಬುದು ನನ್ನ ಅನುಭವ. ನಾನು ಬೆನ್ನಿಗಿಂತ ಬ್ಲ್ಯಾಂಕ್ ನೇರವಾಗಿ ಕಾಣುವ ಗೆರೆಗೇ ಹೆಚ್ಚು ಬೆಲೆ ಕೊಡುತ್ತೇನೆ.

ಗೈಡುಗಳು ಎಷ್ಟಿರಬೇಕು? ಎಲ್ಲೆಲ್ಲಿ ಕೂರಿಸಬೇಕು?

ಕೋಲಿನ ಉದ್ದ ಎಷ್ಟು ಅಡಿಯೋ ಅಷ್ಟು ಗೈಡು, ಮೇಲೆ ಒಂದು ಎಂಬ ಹಳೆಯ ಲೆಕ್ಕ ಆರಂಭಕ್ಕೆ ಸರಿಯಾಗಿದೆ. ಸ್ಪಿನ್ನಿಂಗ್ ರೀಲಿನಿಂದ ದಾರ ಸುರುಳಿ ಸುರುಳಿಯಾಗಿ ಹೊರಬರುವುದರಿಂದ ಮೊದಲ ಗೈಡು ಅಗಲವಾಗಿರಬೇಕು, ಮುಂದಿನವು ಕ್ರಮವಾಗಿ ಕಿರಿದಾಗುತ್ತಾ ಆ ಸುರುಳಿಯನ್ನು ಅಡಗಿಸಬೇಕು. ಗೈಡುಗಳ ನಡುವಿನ ಅಂತರ ತುದಿಯ ಹತ್ತಿರ ಕಡಿಮೆ, ಬುಡದತ್ತ ಬಂದಂತೆ ಹೆಚ್ಚು. ಆದರೆ ಪಟ್ಟಿಯಲ್ಲಿ ಬರೆದ ಅಂತರವನ್ನು ಕಣ್ಣುಮುಚ್ಚಿ ನಂಬಬೇಡಿ, ಏಕೆಂದರೆ ಒಂದೊಂದು ಬ್ಲ್ಯಾಂಕ್ ಒಂದೊಂದು ಬಗೆಯಲ್ಲಿ ಬಾಗುತ್ತದೆ.

ನಾನು ಮಾಡುವುದು ಹೀಗೆ. ಎಲ್ಲ ಗೈಡುಗಳನ್ನೂ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಸಣ್ಣ ರಬ್ಬರ್ ಉಂಗುರಗಳಿಂದ ತಾತ್ಕಾಲಿಕವಾಗಿ ಕೂರಿಸಿ, ರೀಲು ಹಾಕಿ, ದಾರವನ್ನು ಪೋಣಿಸಿ, ತುದಿಗೆ ಅರ್ಧ ತುಂಬಿದ ನೀರಿನ ಬಾಟಲಿ ಕಟ್ಟುತ್ತೇನೆ. ಕೋಲನ್ನು ಮೇಲೆತ್ತಿದಾಗ ಅದು ಬಿಲ್ಲಿನಂತೆ ಬಾಗುತ್ತದೆ. ಆಗ ಪಕ್ಕದಿಂದ ನೋಡಿದರೆ ದಾರವು ಕೋಲಿನ ಬಾಗನ್ನು ಅನುಸರಿಸುತ್ತಿರಬೇಕು. ಯಾವುದಾದರೂ ಎರಡು ಗೈಡುಗಳ ನಡುವೆ ದಾರ ನೇರ ಗೆರೆಯಾಗಿ ಕೋಲಿನಿಂದ ದೂರ ಸರಿದಿದ್ದರೆ, ಅಥವಾ ಒಂದು ಗೈಡಿನ ಬಳಿ ಮಾತ್ರ ಮೂಲೆಯಂತೆ ಮುರಿದು ಕಂಡರೆ, ಅಲ್ಲಿ ಭಾರ ಒಂದೇ ಕಡೆ ಬೀಳುತ್ತಿದೆ ಎಂದರ್ಥ. ಉಂಗುರವನ್ನು ಅತ್ತಿತ್ತ ಸರಿಸುತ್ತಾ ಮತ್ತೆ ಮತ್ತೆ ಎತ್ತಿ ನೋಡಬೇಕು. ಒಂದು ಸಂಜೆ ಪೂರ್ತಿ ಇದಕ್ಕೇ ಹೋದರೂ ಅದು ವ್ಯರ್ಥವಲ್ಲ, ಏಕೆಂದರೆ ಇಲ್ಲಿ ತಪ್ಪಿದ ಅಳತೆಯನ್ನು ಎಪಾಕ್ಸಿ (ಎರಡು ದ್ರಾವಣ ಕಲಸಿ ಹಚ್ಚುವ, ಒಣಗಿ ಗಟ್ಟಿಯಾಗುವ ಅಂಟು) ಬಿದ್ದ ಮೇಲೆ ಸರಿಪಡಿಸಲು ಎಲ್ಲವನ್ನೂ ಕಿತ್ತೇ ಹಾಕಬೇಕಾಗುತ್ತದೆ.

ಗೈಡಿಗೆ ದಾರ ಸುತ್ತುವುದನ್ನು ಹಂತ ಹಂತವಾಗಿ ಹೇಳುವಿರಾ?

ಮೊದಲು ಗೈಡಿನ ಪಾದವನ್ನು, ಅಂದರೆ ಕೋಲಿಗೆ ತಾಗಿ ಕೂರುವ ಅದರ ಲೋಹದ ಭಾಗವನ್ನು, ನೋಡಿ. ಕಾರ್ಖಾನೆಯಿಂದ ಬಂದ ಪಾದದ ತುದಿ ಮೊಂಡಾಗಿರುತ್ತದೆ, ಅಡಿಯಲ್ಲಿ ಸಣ್ಣ ಮುಳ್ಳೂ ಇರಬಹುದು. ಸಣ್ಣ ಅರದಿಂದ ತುದಿಯನ್ನು ಉಗುರಿನ ಅಂಚಿನಷ್ಟು ತೆಳುವಾಗುವಂತೆ ಇಳಿಜಾರು ಮಾಡಿ, ಅಡಿಯನ್ನು ನುಣುಪಾಗಿಸಿ. ಇದನ್ನು ಬಿಟ್ಟರೆ ದಾರ ಪಾದದ ಮೇಲೆ ಹತ್ತುವಾಗ ಸಂದು ಬಿಡುತ್ತದೆ, ಆ ಮುಳ್ಳು ಬಾಗಿದಾಗಲೆಲ್ಲ ಬ್ಲ್ಯಾಂಕನ್ನು ಕೊರೆಯುತ್ತದೆ. ಹೀಗೆ ಗೈಡಿನ ಅಡಿಯಲ್ಲೇ ಮುರಿದ ಕೋಲುಗಳನ್ನು ನಾನು ಹಲವು ಕಂಡಿದ್ದೇನೆ.

ಕೋಲನ್ನು ಕೂರಿಸಲು ವಿ ಆಕಾರದ ಕಚ್ಚು ಕೊರೆದ ಎರಡು ಹಲಗೆಗಳು ಸಾಕು. ದಾರದ ಉಂಡೆಯನ್ನು ಲೋಟದಲ್ಲಿಟ್ಟು, ದಾರವನ್ನು ದಪ್ಪ ಪುಸ್ತಕದ ಹಾಳೆಗಳ ನಡುವೆ ಹಾಯಿಸಿ, ಪುಸ್ತಕದ ಮೇಲೆ ಭಾರ ಹೇರಿದರೆ ಬಿಗಿ ಸಿದ್ಧವಾಗುತ್ತದೆ. ನಾನು ಹಳೆಯ ಟೆಲಿಫೋನ್ ಡೈರೆಕ್ಟರಿಯನ್ನು ಇದಕ್ಕಾಗಿಯೇ ಇಟ್ಟುಕೊಂಡಿದ್ದೇನೆ. ಪಾದದ ತುದಿಯಿಂದ ಮೂರು ನಾಲ್ಕು ಮಿಲಿಮೀಟರ್ ಹೊರಗೆ ದಾರವನ್ನು ಒಂದು ಸುತ್ತು ಹಾಕಿ, ಅದರ ತುದಿಯ ಮೇಲೆಯೇ ಮುಂದಿನ ಐದಾರು ಸುತ್ತುಗಳು ಹಾಯುವಂತೆ ಮಾಡಿ, ತುದಿಯನ್ನು ಕತ್ತರಿಸಬೇಕು. ತಿರುಗಿಸಬೇಕಾದದ್ದು ಕೋಲನ್ನು; ದಾರವನ್ನಲ್ಲ. ಸುತ್ತುಗಳು ಒಂದಕ್ಕೊಂದು ತಾಗಿ ಕೂರುವಂತೆ ದಾರವನ್ನು ಕೂದಲೆಳೆಯಷ್ಟು ಹಿಂದಕ್ಕೆ ವಾಲಿಸಿ ಹಿಡಿದಿರಬೇಕು. ಮುಗಿಯಲು ಏಳೆಂಟು ಸುತ್ತು ಇರುವಾಗ ಬೇರೊಂದು ದಾರದ ಕುಣಿಕೆಯನ್ನು ಕೋಲಿನ ಮೇಲಿಟ್ಟು ಅದರ ಮೇಲೆ ಸುತ್ತುತ್ತಾ ಹೋಗಿ. ಕೊನೆಯಲ್ಲಿ ದಾರವನ್ನು ಕತ್ತರಿಸಿ ಕುಣಿಕೆಗೆ ಪೋಣಿಸಿ ಎಳೆದರೆ ತುದಿ ಸುತ್ತುಗಳ ಅಡಿಗೆ ನುಸುಳಿ ಬರುತ್ತದೆ, ಗಂಟು ಬೇಕಾಗುವುದಿಲ್ಲ. ಉಳಿದ ಚೂರನ್ನು ಹೊಸ ಬ್ಲೇಡಿನಿಂದ ತೆಗೆದು, ಚಮಚದ ಹಿಂಬದಿಯಿಂದ ಸುತ್ತುಗಳನ್ನು ಉಜ್ಜಿದರೆ ಸಂದುಗಳು ಮುಚ್ಚಿಕೊಳ್ಳುತ್ತವೆ. ಬ್ಲೇಡನ್ನು ಎಂದಿಗೂ ಬ್ಲ್ಯಾಂಕಿನ ಮೇಲೆ ಒತ್ತಬಾರದು.

ಟೈಲರ್ ಅಂಗಡಿಯ ದಾರ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅದರಲ್ಲಿ ಜುಂಗು ಹೆಚ್ಚು, ಕೆಲವಕ್ಕೆ ಮೇಣ ಹಚ್ಚಿರುತ್ತಾರೆ. ಎಪಾಕ್ಸಿ ಅದರೊಳಗೆ ಇಳಿಯುವುದಿಲ್ಲ. ಇದಕ್ಕೆಂದೇ ಬರುವ ನೈಲಾನ್ ದಾರವನ್ನು ಬಳಸಿ. ಅದು ಎಪಾಕ್ಸಿ ಕುಡಿದಾಗ ಬಣ್ಣ ಕಪ್ಪಾಗಿ ಪಾರದರ್ಶಕವಾಗುತ್ತದೆ ಎಂಬುದನ್ನು ನೆನಪಿಟ್ಟು ಬಣ್ಣ ಆರಿಸಬೇಕು, ಇಲ್ಲವೇ ಬಣ್ಣ ಕಾಪಾಡುವ ದ್ರಾವಣವನ್ನು ಮೊದಲು ಹಚ್ಚಬೇಕು.

ಮಳೆಗಾಲದಲ್ಲಿ ಹಚ್ಚಿದ ಎಪಾಕ್ಸಿ ಅಂಟಂಟಾಗಿಯೇ ಉಳಿಯುತ್ತದೆ, ಬೆಳ್ಳಗಾಗುತ್ತದೆ. ಏನು ಮಾಡಬೇಕು?

ಮಲೆನಾಡಿನಲ್ಲಿ ಈ ಕೆಲಸ ಮಾಡುವವರಿಗೆ ಎದುರಾಗುವ ಮುಖ್ಯ ತೊಂದರೆ ಇದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ; ಆ ಸೀಮೆಯ ಗಾಳಿಯಲ್ಲಿ ಆಷಾಢದ ದಿನಗಳಲ್ಲಿ ಗೋಡೆಗೆ ನೇತುಹಾಕಿದ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಎಪಾಕ್ಸಿಗೆ ಹೊರಗಿನ ತೇವ ಎರಡು ಬಗೆಯಲ್ಲಿ ಕಾಡುತ್ತದೆ. ಗಟ್ಟಿಗೊಳಿಸುವ ದ್ರಾವಣವು ಗಾಳಿಯಲ್ಲಿರುವ ನೀರಿನಂಶ ಮತ್ತು ಇಂಗಾಲದ ಡೈಆಕ್ಸೈಡಿನೊಂದಿಗೆ ಕೂಡಿ ಮೇಲ್ಮೈಯಲ್ಲಿ ಮೇಣದಂಥ ಬಿಳಿಯ ಪೊರೆ ಕಟ್ಟುತ್ತದೆ. ಜೊತೆಗೆ ದಾರವೇ ತೇವ ಹೀರಿಕೊಂಡಿದ್ದರೆ ಒಳಗಿನಿಂದ ಮಂಜು ಮುಸುಕಿದಂತೆ ಕಾಣುತ್ತದೆ.

ಒಂದು ಜುಲೈಯಲ್ಲಿ ಬಂಧುವೊಬ್ಬರ ಕೋಲಿಗೆ ಸಂಜೆ ಎಪಾಕ್ಸಿ ಹಚ್ಚಿ, ವಾಸನೆ ಹೋಗಲೆಂದು ಕಿಟಕಿ ತೆರೆದಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಒಂಬತ್ತೂ ಗೈಡುಗಳ ಸುತ್ತುಗಳು ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಗಿದ್ದವು. ಕಿತ್ತುಹಾಕುವ ಮೊದಲು ಬೆಚ್ಚಗಿನ ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ನೋಡಿದೆ. ಪೊರೆ ನೀರಿನಲ್ಲಿ ಕರಗುವಂಥದ್ದು, ಹಾಗಾಗಿ ಹೊರಟುಹೋಯಿತು. ಪೂರ್ತಿ ಒಣಗಿಸಿ, ನಯವಾದ ಸ್ಯಾಂಡ್‌ಪೇಪರಿನಿಂದ ಹೊಳಪು ಮುರಿದು, ಮುಚ್ಚಿದ ಕೋಣೆಯಲ್ಲಿ ಎರಡನೆಯ ಪದರ ಹಚ್ಚಿದ ಮೇಲೆ ಕೋಲು ಸರಿಯಾಯಿತು. ಒರೆಸದೆ ಮೇಲೆಯೇ ಹಚ್ಚಿದ್ದರೆ ಎರಡನೆಯ ಪದರ ಸಿಪ್ಪೆಯಂತೆ ಎದ್ದು ಬರುತ್ತಿತ್ತು.

ಆ ಬಳಿಕ ನಾನು ಉದ್ದನೆಯ ಮರದ ಪೆಟ್ಟಿಗೆಯೊಂದನ್ನು ಮಾಡಿಸಿಕೊಂಡೆ. ಒಳಗೆ ಎರಡು ಕಡೆ 60 ವಾಟಿನ ಹಳೆಯ ಕಾಲದ ಬಲ್ಬುಗಳು, ಒಂದು ತೇವಮಾಪಕ, ಒಂದು ಉಷ್ಣಮಾಪಕ ಇವೆ. ದಾರ ಸುತ್ತಿದ ಕೋಲನ್ನು ಎಪಾಕ್ಸಿ ಹಚ್ಚುವ ಹಿಂದಿನ ರಾತ್ರಿಯೇ ಅದರೊಳಗೆ ಇಟ್ಟು ದಾರದ ತೇವ ತೆಗೆಯುತ್ತೇನೆ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಎಪಾಕ್ಸಿಗೆ ಹಿತ. ಮಾಗಿಯ ರಾತ್ರಿಗಳಲ್ಲಿ ಇಲ್ಲಿ ಇಷ್ಟು ಬಿಸಿ ಇರುವುದಿಲ್ಲವಾದ್ದರಿಂದ ಚಳಿಗಾಲದಲ್ಲೂ ಪೆಟ್ಟಿಗೆ ಬೇಕಾಗುತ್ತದೆ. ಬಿದಿರಿಗೆ ಒಳ್ಳೆಯದಾದ ಬಚ್ಚಲೊಲೆಯ ಅಟ್ಟ ಎಪಾಕ್ಸಿಗೆ ಒಳ್ಳೆಯದಲ್ಲ. ಅಲ್ಲಿ ಮಸಿ ಕೂರುತ್ತದೆ, ಬಿಸಿ ಏರಿಳಿಯುತ್ತದೆ.

ಪೊರೆಯಿಲ್ಲದೆ ಬರಿಯ ಅಂಟು ಉಳಿದಿದ್ದರೆ ತಪ್ಪು ಬೇರೆಯದು. ಎರಡು ದ್ರಾವಣಗಳ ಅಳತೆ ಸಮನಾಗಿರಲಿಲ್ಲ, ಅಥವಾ ಕಲಸಿದ್ದು ಸಾಲದು. ಕಣ್ಣಂದಾಜು ಬಿಟ್ಟು ಸಿರಿಂಜಿನಿಂದ ಅಳೆಯಿರಿ, ದ್ರಾವಣಕ್ಕೊಂದರಂತೆ ಬೇರೆ ಬೇರೆ ಸಿರಿಂಜ್ ಇರಲಿ. ರಬ್ಬರ್ ತಲೆಯ ಔಷಧಿ ಸಿರಿಂಜುಗಳಲ್ಲಿ ಸಿಲಿಕೋನ್ ಎಣ್ಣೆ ಸವರಿರುತ್ತದೆ, ಅದು ಬಿದ್ದ ಕಡೆ ಎಪಾಕ್ಸಿ ಮೀನಿನ ಕಣ್ಣಿನಂತೆ ಗುಳಿ ಬೀಳುತ್ತದೆ, ಆದ್ದರಿಂದ ಪೂರ್ತಿ ಪ್ಲಾಸ್ಟಿಕ್ಕಿನವನ್ನೇ ಹುಡುಕಿ. ಮೂರು ನಾಲ್ಕು ನಿಮಿಷ ನಿಧಾನವಾಗಿ, ಪಾತ್ರೆಯ ಅಂಚನ್ನೂ ಕೆರೆದು ಕಲಸಿ. ಮೂರು ದಿನವಾದರೂ ಒಣಗದಿದ್ದರೆ ಸರಿಯಾದ ಅಳತೆಯ ಹೊಸ ಪದರವನ್ನು ಅದರ ಮೇಲೆ ಹಚ್ಚಿ ನೋಡಬಹುದು. ಬಹಳ ಸಲ ಅಷ್ಟರಿಂದಲೇ ಸರಿಹೋಗುತ್ತದೆ.

ಒಣಗುವಾಗ ಕೋಲನ್ನು ತಿರುಗಿಸಲು ಮೋಟರ್ ಬೇಕೇಬೇಕೇ?

ಇದ್ದರೆ ಅನುಕೂಲ. ನಿಮಿಷಕ್ಕೆ ಹತ್ತು ಹದಿನೈದು ಸುತ್ತು ತಿರುಗುವ ಸಣ್ಣ ಗೇರ್ ಮೋಟರ್ ಸಾಕು. ಆದರೆ ನಮ್ಮಲ್ಲಿ ಗಾಳಿಮಳೆ ಬಂದರೆ ಕರೆಂಟು ಹೋಗುತ್ತದೆ, ಮೋಟರ್ ನಿಂತ ಹತ್ತು ನಿಮಿಷದಲ್ಲೇ ಎಪಾಕ್ಸಿ ಅಡಿಗೆ ಇಳಿದು ಹನಿಗಟ್ಟುತ್ತದೆ. ಬ್ಯಾಟರಿಯಿಂದ ಓಡುವ ಮೋಟರ್ ಇಟ್ಟುಕೊಳ್ಳಿ, ಇಲ್ಲವೇ ಮೊದಲ ಒಂದು ಗಂಟೆ ಎರಡು ಮೂರು ನಿಮಿಷಕ್ಕೊಮ್ಮೆ, ಆಮೇಲೆ ಐದು ನಿಮಿಷಕ್ಕೊಮ್ಮೆ ಕೈಯಿಂದಲೇ ಕಾಲು ಸುತ್ತು ತಿರುಗಿಸುತ್ತಾ ಕುಳಿತುಕೊಳ್ಳಿ. ಸುಮಾರು ನಾಲ್ಕು ಗಂಟೆ ಹೀಗೆ ಕೂರಬೇಕು. ಪದರ ತೆಳುವಾಗಿದ್ದಷ್ಟೂ ಇಳಿಯುವ ಭಯ ಕಡಿಮೆ, ಹಾಗಾಗಿ ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಮೇಲು.

ಹಿಡಿ ಮತ್ತು ರೀಲ್ ಸೀಟನ್ನು ಅಂಟಿಸುವಾಗ ಗಮನಿಸಬೇಕಾದದ್ದೇನು?

ರೀಲ್ ಸೀಟಿನ ಒಳವ್ಯಾಸ ಬ್ಲ್ಯಾಂಕಿಗಿಂತ ದೊಡ್ಡದಾಗಿರುತ್ತದೆ. ನಡುವಿನ ಜಾಗವನ್ನು ತುಂಬಲು ಮಾಸ್ಕಿಂಗ್ ಟೇಪನ್ನು ಉಂಗುರಗಳಂತೆ ಎರಡು ಮೂರು ಕಡೆ ಸುತ್ತುವುದು ರೂಢಿ. ಉಂಗುರಗಳ ನಡುವೆ ಬಿಟ್ಟ ಜಾಗದಲ್ಲಿ ಎಪಾಕ್ಸಿ ಪೂರ್ತಿ ತುಂಬಿರಬೇಕು. ಟೇಪಿನ ಅಂಚು ತೆರೆದಿದ್ದರೆ ನೀರು ನುಗ್ಗಿ ಕಾಗದ ಕೊಳೆಯುತ್ತದೆ, ವರ್ಷದೊಳಗೆ ಸೀಟು ಅಲ್ಲಾಡುತ್ತದೆ. ಹೆಂಚಿನ ಮಾಡಿನ ಕೆಳಗಿಟ್ಟ ಕೋಲುಗಳಲ್ಲಿ ಇದನ್ನು ಹೆಚ್ಚಾಗಿ ನೋಡುತ್ತೇನೆ. ಹಾರ್ಡ್‌ವೇರ್ ಅಂಗಡಿಯ ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್ ಈ ಕೆಲಸಕ್ಕೆ ಸಾಕು. ಐದು ನಿಮಿಷದಲ್ಲಿ ಹಿಡಿಯುವ ಬಗೆ ಬೇಡ, ನೇರ ಮಾಡಿಕೊಳ್ಳಲು ಅದು ಸಮಯವನ್ನೇ ಕೊಡುವುದಿಲ್ಲ. ಅಂಟಿಸಿದ ಕೂಡಲೇ ಬುಡದಿಂದ ತುದಿಯತ್ತ ಒಂದು ಕಣ್ಣು ಮುಚ್ಚಿ ನೋಡಿ, ಸೀಟು ಗೈಡುಗಳ ಗೆರೆಗೆ ಸರಿಯಾಗಿ ಕೂತಿದೆಯೇ ಎಂದು ಖಚಿತ ಮಾಡಿಕೊಳ್ಳಿ.

ತುದಿ ಎರಡು ಇಂಚು ಮುರಿದಿದೆ. ಕೋಲು ಮುಗಿಯಿತೇ?

ಇಲ್ಲ. ಇದು ಎಲ್ಲಕ್ಕಿಂತ ಸುಲಭದ ದುರಸ್ತಿ. ಸೀಳಿದ ಭಾಗವನ್ನು ಸಣ್ಣ ಅರದಿಂದ ಸುತ್ತಲೂ ಗೀರಿ ಬಿಡಿಸಿ, ಆ ದಪ್ಪಕ್ಕೆ ಹೊಂದುವ ಹೊಸ ತುದಿಬಳೆಯನ್ನು ತಂದು, ಬಿಸಿಮಾಡಿ ಕರಗಿಸುವ ಅಂಟುಕಡ್ಡಿಯಿಂದ ಕೂರಿಸಬೇಕು. ಮುಂದೆ ಮತ್ತೆ ತೆಗೆಯಬೇಕಾದಾಗ ಬಿಸಿಯಿಂದ ಬಿಡಿಸಬಹುದಾದ್ದರಿಂದ ಇಲ್ಲಿ ಎಪಾಕ್ಸಿ ಬಳಸುವುದಿಲ್ಲ. ಬೆಂಕಿಯನ್ನು ಲೋಹದ ಬಳೆಗೆ ಮಾತ್ರ ತೋರಿಸಿ, ಬ್ಲ್ಯಾಂಕಿಗಲ್ಲ. ಅತಿಯಾಗಿ ಕಾದರೆ ಕಾರ್ಬನ್ನಿನ ನಡುವಿನ ರಾಳ ಸುಟ್ಟು ಎಳೆಗಳು ಬಿಡಿಬಿಡಿಯಾಗುತ್ತವೆ. ಆರು ಇಂಚಿಗಿಂತ ಹೆಚ್ಚು ಹೋಗಿದ್ದರೆ ಕೋಲಿನ ಗುಣವೇ ಬದಲಾಗಿ ಗಟ್ಟಿಯಾಗುತ್ತದೆ, ಆಗ ಮೇಲಿನ ಗೈಡುಗಳನ್ನು ಮತ್ತೆ ಹೊಂದಿಸಬೇಕಾದೀತು.

ನಡುವೆಯೇ ಮುರಿದರೆ?

ಜೋಡಿಸಬಹುದು, ಆದರೆ ಮೊದಲಿನ ಕೋಲು ಮರಳಿ ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಂಡು ಆರಂಭಿಸಬೇಕು. ಜೋಡಿಸಿದ ಜಾಗ ಸ್ವಲ್ಪ ಗಟ್ಟಿ, ಸ್ವಲ್ಪ ಭಾರ.

ಮುರಿದ ಎರಡೂ ತುದಿಗಳ ಸೀಳನ್ನು ಆರೋಗ್ಯವಾದ ಭಾಗ ಸಿಗುವವರೆಗೆ ಗೀರಿ ತೆಗೆಯಿರಿ. ಹಳೆಯ ಮುರಿದ ಕೋಲುಗಳ ತುಂಡುಗಳಲ್ಲಿ, ಬುಡದ ಕಡೆಯಿಂದ ಒಳಗೆ ತೂರಿಸಿದರೆ ಮುರಿದ ಜಾಗಕ್ಕೆ ಬಂದು ಬಿಗಿಯಾಗಿ ನಿಲ್ಲುವಂಥ ಒಂದನ್ನು ಹುಡುಕಬೇಕು. ಅದು ಎರಡೂ ಕಡೆ ಎರಡೂವರೆ ಇಂಚಾದರೂ ಒಳಗಿರಬೇಕು. ಅದರ ಎರಡು ತುದಿಗಳನ್ನೂ ಉಜ್ಜಿ ತೆಳುಗೊಳಿಸುವುದನ್ನು ಮರೆಯಬೇಡಿ: ಗಟ್ಟಿಯಾದ ಒಳತುಂಡು ಒಮ್ಮೆಗೇ ಮುಗಿದರೆ ಬಾಗು ಅದೇ ಜಾಗದಲ್ಲಿ ಕೇಂದ್ರೀಕರಿಸಿ, ಮುಂದಿನ ಬಾರಿ ಸರಿಯಾಗಿ ಅಲ್ಲಿಯೇ ಮುರಿಯುತ್ತದೆ. ನಿಧಾನದ ಎಪಾಕ್ಸಿಯಿಂದ ಅಂಟಿಸಿ ಒಂದು ದಿನ ಬಿಟ್ಟು, ಮುರಿದ ಗೆರೆಯ ಎರಡೂ ಕಡೆ ಎರಡೆರಡು ಇಂಚು ದಾರ ಸುತ್ತಿ ಎಪಾಕ್ಸಿ ಹಚ್ಚಿ. ಬಾಗುವಾಗ ಕೊಳವೆ ಚಪ್ಪಟೆಯಾಗಿ ಉದ್ದಕ್ಕೆ ಸೀಳದಂತೆ ಈ ಸುತ್ತು ಗಾಡಿಯ ಚಕ್ರದ ಪಟ್ಟಿಯಂತೆ ಬಿಗಿಹಿಡಿಯುತ್ತದೆ. ಕಾರ್ಬನ್ ಉಜ್ಜುವಾಗ ನೀರು ಹಾಕಿ ಉಜ್ಜಿ, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಆ ಪುಡಿ ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು.

ಅಡಿಕೆ ಕೊಯ್ಯುವ ಕಾರ್ಬನ್ ದೋಟಿಯ ಮುರಿದ ತುಂಡನ್ನು ಇದಕ್ಕೆ ಬಳಸಬಹುದೇ ಎಂದು ತೋಟದವರು ಕೇಳುತ್ತಾರೆ. ದೋಟಿಯ ಕೊಳವೆಗಳು ಗಾಳದ ಕೋಲಿಗಿಂತ ಬಹಳ ದಪ್ಪ, ಒಳತುಂಡಾಗಿ ಹೊಂದುವುದಿಲ್ಲ.

ಫೆವಿಕ್ವಿಕ್ ಅಥವಾ ಎಂ-ಸೀಲ್ ಹಾಕಿದರೆ ಸಾಲದೇ?

ಸಾಲದು. ಕೋಲು ಬಾಗುವ ವಸ್ತು. ಇವೆರಡೂ ಒಣಗಿದ ಮೇಲೆ ಬಾಗುವುದಿಲ್ಲ. ಜೊತೆಗೆ, ಮುರಿದ ಜಾಗಕ್ಕೆ ಫೆವಿಕ್ವಿಕ್ ಸುರಿದು ತಂದಾಗ ಅದನ್ನೆಲ್ಲ ಕೆರೆದು ತೆಗೆಯುವುದೇ ಒಂದು ದಿನದ ಕೆಲಸವಾಗುತ್ತದೆ. ಮುರಿದರೆ ಏನನ್ನೂ ಹಚ್ಚದೆ ಹಾಗೆಯೇ ತನ್ನಿ.

ಹೊಸ ತಂಗೂಸಿ (ಗಾಳದ ನೈಲಾನ್ ದಾರ) ಹಾಕಿದರೂ ದಾರ ಪದೇ ಪದೇ ತುಂಡಾಗುತ್ತಿದೆ. ಏಕೆ?

ಯಾವುದೋ ಗೈಡಿನ ಒಳಬಳೆ ಬಿರುಕು ಬಿಟ್ಟಿದೆ. ಅದು ಪಿಂಗಾಣಿಯಂಥ ಗಟ್ಟಿ ವಸ್ತು. ನೆಲಕ್ಕೆ ಬಿದ್ದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡಬಹುದು. ಚೂರು ಹತ್ತಿಯನ್ನು ಪ್ರತಿಯೊಂದು ಬಳೆಯೊಳಗೂ ಸುತ್ತಲೂ ಸವರಿ, ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆಯೋ ಆ ಗೈಡನ್ನು ಬದಲಿಸಿ. ತುದಿಬಳೆಯನ್ನು ಮೊದಲು ನೋಡಿ, ಹೆಚ್ಚಾಗಿ ಅದೇ ಆಗಿರುತ್ತದೆ. ಹಳೆಯ ಗೈಡನ್ನು ತೆಗೆಯುವಾಗ ಬ್ಲೇಡನ್ನು ಪಾದದ ಲೋಹದ ಮೇಲೆ ಮಾತ್ರ ಓಡಿಸಿ ಸುತ್ತನ್ನು ಬಿಡಿಸಬೇಕು.

ಎರಡು ತುಂಡಿನ ಕೋಲಿನ ಜೋಡಣೆ ಸಿಕ್ಕಿಕೊಂಡು ಬಿಡುತ್ತಿಲ್ಲ.

ಗೈಡುಗಳನ್ನು ಹಿಡಿದು ತಿರುಚಬೇಡಿ. ಕುಕ್ಕರಗಾಲಿನಲ್ಲಿ ಕೂತು, ಕೋಲನ್ನು ಮಂಡಿಗಳ ಹಿಂದೆ ಅಡ್ಡ ಹಿಡಿದು, ಕೈಗಳನ್ನು ಮಂಡಿಗಳ ಹೊರಬದಿಗೆ ತಾಗಿಸಿ, ಮಂಡಿಗಳನ್ನು ನಿಧಾನವಾಗಿ ಅಗಲಿಸಿದರೆ ಎರಡೂ ಕಡೆ ಸಮನಾಗಿ ನೇರ ಎಳೆತ ಬೀಳುತ್ತದೆ. ಆಗಲೂ ಬಿಡದಿದ್ದರೆ ಒಳಗಿನ ತುಂಡಿನ ಕಡೆ ಐಸ್ ಇಟ್ಟು ಮತ್ತೆ ಪ್ರಯತ್ನಿಸಿ. ಬಿಟ್ಟ ಮೇಲೆ ಒರೆಸಿ ಮೇಣದ ಬತ್ತಿಯನ್ನು ಸವರಿದರೆ ಮುಂದೆ ಈ ತೊಂದರೆ ಬರುವುದಿಲ್ಲ.

ಕಾರ್ಕಿನ ಹಿಡಿ ಗುಳಿಗುಳಿಯಾಗಿದೆ. ಹಿಡಿಯನ್ನೇ ಬದಲಿಸಬೇಕೇ?

ಬೇಡ. ಸ್ಪಿರಿಟ್ಟಿನಿಂದ ಒರೆಸಿ, ಕಾರ್ಕನ್ನು ಉಜ್ಜಿ ಬಂದ ಪುಡಿಯನ್ನು ನೀರು ನಿಲ್ಲುವ ಮರದ ಅಂಟಿನೊಂದಿಗೆ ಕಲಸಿ ಗುಳಿಗಳಿಗೆ ತುಂಬಿ, ಒಣಗಿದ ಮೇಲೆ ನಯವಾಗಿ ಉಜ್ಜಿದರೆ ಸಾಕು. ಮಳೆಗಾಲದಲ್ಲಿ ಕಾರ್ಕಿಗೆ ಬೂಸ್ಟು ಬರುವುದರಿಂದ ಇಲ್ಲಿ ಅನೇಕರಿಗೆ ನಾನು ಫೋಮಿನ ಹಿಡಿಯನ್ನೇ ಸೂಚಿಸುತ್ತೇನೆ, ಆದರೆ ಒದ್ದೆ ಕೈಗೆ ಕಾರ್ಕಿನ ಹಿತ ಅದರಲ್ಲಿಲ್ಲ.

ಕೋಲುಗಳು ಮುರಿಯುವುದು ದೊಡ್ಡ ಮೀನಿನಿಂದಲ್ಲವೇ?

ನನ್ನ ಬಳಿಗೆ ಬಂದ ಕೋಲುಗಳಲ್ಲಿ ಮೀನು ಮುರಿದದ್ದು ಬೆರಳೆಣಿಕೆಯಷ್ಟು. ಕಾರಿನ ಬಾಗಿಲು, ತಲೆಯ ಮೇಲೆ ತಿರುಗುವ ಫ್ಯಾನು, ಕೋಲನ್ನು ಮುಂದೆ ಚಾಚಿಕೊಂಡು ಕಾಡಿನ ಹಾದಿಯಲ್ಲಿ ನಡೆಯುವುದು, ಇವೇ ಹೆಚ್ಚು. ನಡೆಯುವಾಗ ತುದಿ ಹಿಂದಿರಲಿ. ಮೀನನ್ನು ದಡಕ್ಕೆ ತರುವಾಗ ಕೋಲನ್ನು ತಲೆಯ ಹಿಂದಕ್ಕೆ ವಾಲಿಸಿದರೆ ಭಾರವೆಲ್ಲ ತೆಳುವಾದ ತುದಿಗೇ ಬೀಳುತ್ತದೆ, ಅಲ್ಲಿ ಮುರಿದರೆ ಅದು ಮೀನಿನ ತಪ್ಪಲ್ಲ. ಗಾಳ ಕಲ್ಲಿಗೆ ಸಿಕ್ಕಿಕೊಂಡಾಗ ಕೋಲಿನಿಂದ ಎಳೆಯದೆ, ಕೈಗೆ ಬಟ್ಟೆ ಸುತ್ತಿಕೊಂಡು ದಾರವನ್ನೇ ಎಳೆಯಬೇಕು.

ಕಾರ್ಬನ್ ಕೋಲಿಗೆ ಕರೆಂಟು ಹೊಡೆಯುತ್ತದೆಯೇ?

ಹೊಡೆಯುತ್ತದೆ. ಕಾರ್ಬನ್ ವಿದ್ಯುತ್ ವಾಹಕ. ದೋಟಿ ತಂತಿಗೆ ತಾಗಿ ಪ್ರಾಣ ಹೋದ ಸುದ್ದಿ ನಮ್ಮ ತೋಟದ ಸೀಮೆಯವರಿಗೆ ಹೊಸತಲ್ಲ. ಗಾಳದ ಕೋಲಿಗೂ ಅದೇ ಎಚ್ಚರಿಕೆ ಅನ್ವಯಿಸುತ್ತದೆ. ಹೊಳೆ ದಾಟಿ ಹೋಗುವ ತಂತಿಗಳ ಕೆಳಗೆ ಕೋಲು ಬೀಸಲೇಬಾರದು. ಗುಡುಗು ಕೇಳಿದ ಕೂಡಲೇ ಕೋಲನ್ನು ಕೆಳಗಿಟ್ಟು ಬಯಲಿನಿಂದ ದೂರ ಹೋಗಿ.

ಮಳೆಗಾಲದಲ್ಲಿ ಕೋಲನ್ನು ಹೇಗೆ ಇಡಬೇಕು?

ತೋಟಕ್ಕೆ ಹಾಕಿ ಉಳಿದ ಮೂರಿಂಚಿನ ಪಿವಿಸಿ ಪೈಪು ಎಲ್ಲರ ಮನೆಯಲ್ಲೂ ಇರುತ್ತದೆ, ಎರಡು ಮುಚ್ಚಳ ಹಾಕಿದರೆ ಪ್ರಯಾಣಕ್ಕೆ ಒಳ್ಳೆಯ ಕವಚವಾಗುತ್ತದೆ. ಆದರೆ ಒದ್ದೆ ಕೋಲನ್ನು ಅದರೊಳಗೆ ಮುಚ್ಚಿಡುವುದಕ್ಕಿಂತ ಹೊರಗಿಡುವುದೇ ಮೇಲು. ಹೊಳೆಯಿಂದ ಬಂದ ದಿನವೇ ಒರೆಸಿ, ತುಂಡುಗಳನ್ನು ಬೇರ್ಪಡಿಸಿ, ಗಾಳಿಯಾಡುವ ಒಳಗೋಡೆಗೆ ನೆಟ್ಟಗೆ ನೇತುಹಾಕಿ. ಮೂಲೆಗೆ ವಾಲಿಸಿಟ್ಟ ಕೋಲು ತಿಂಗಳುಗಟ್ಟಲೆ ಹಾಗೆಯೇ ಇದ್ದರೆ ಬಾಗು ಹಿಡಿಯುತ್ತದೆ, ಬಿದಿರಿನದಂತೂ ಖಂಡಿತ. ಗೈಡಿನ ಪಾದದ ಬಳಿ ಎಪಾಕ್ಸಿಯಲ್ಲಿ ಬಿರುಕು ಕಂಡರೆ ಮಳೆ ಹಿಡಿಯುವ ಮೊದಲೇ ತೆಳುವಾಗಿ ಹಚ್ಚಿ ಮುಚ್ಚಿಬಿಡಿ, ಇಲ್ಲದಿದ್ದರೆ ನೀರು ಒಳಸೇರಿ ಪಾದ ತುಕ್ಕು ಹಿಡಿಯುತ್ತದೆ.

ಕೋಲು ಸಿದ್ಧವಾಯಿತು. ಎಲ್ಲಿ ಬೇಕಾದರೂ ಗಾಳ ಹಾಕಬಹುದೇ?

ಹಾಕಬಾರದು. ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮ ಮತ್ತು ಶೃಂಗೇರಿಯ ಮಠದ ಸೋಪಾನದ ಬಳಿಯ ತುಂಗೆಯಲ್ಲಿ ಮೀನುಗಳಿಗೆ ರಕ್ಷಣೆಯಿದೆ. ಅಭಯಾರಣ್ಯಗಳೊಳಗಿನ ನೀರಿನಲ್ಲಿ ಮೀನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಜಲಾಶಯ ಮತ್ತು ಕೆರೆಗಳಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಅಥವಾ ಗುತ್ತಿಗೆದಾರರ ಒಪ್ಪಿಗೆ ಬೇಕು. ಮುಂಗಾರಿನ ಮೊದಲ ನೀರಿಗೆ ಮೀನುಗಳು ಮೊಟ್ಟೆಯಿಡಲು ಹತ್ತಿ ಬರುತ್ತವೆ. ಆ ಕಾಲದಲ್ಲಿ ಕೋಲನ್ನು ಗೋಡೆಗೆ ನೇತುಹಾಕಿ ದುರಸ್ತಿ ಮುಗಿಸಿಕೊಳ್ಳುವುದು ಸರಿಯಾದ ಕೆಲಸ. ಮಹಶೀರ್ ಗಾಳಕ್ಕೆ ಬಿದ್ದರೆ ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಗಾಳ ಬಿಡಿಸಿ ಕಳುಹಿಸಿಬಿಡಿ.

ದುರಸ್ತಿಗೆ ತರುವಾಗ ಏನೇನು ತರಬೇಕು, ಎಷ್ಟು ದಿನ ಬೇಕು?

ಮುರಿದ ಎಲ್ಲ ತುಂಡುಗಳನ್ನೂ, ಒಂದಿಂಚಿನ ಚೂರನ್ನೂ ಬಿಡದೆ ತನ್ನಿ. ಎಲ್ಲಿಂದ ಸೀಳು ಆರಂಭವಾಯಿತು ಎಂಬುದನ್ನು ಆ ಚೂರೇ ಹೇಳುತ್ತದೆ. ನೀವು ಬಳಸುವ ರೀಲನ್ನೂ ತನ್ನಿ, ಅದನ್ನು ಕೂರಿಸಿ ನೋಡದೆ ಗೈಡಿನ ಜಾಗ ನಿರ್ಧರಿಸಲಾಗದು. ತುದಿಬಳೆಯಾದರೆ ಕಾದು ಒಯ್ಯಬಹುದು. ಗೈಡು ಬದಲಿಸಲು ಬೇಸಿಗೆಯಲ್ಲಿ ನಾಲ್ಕು ದಿನ, ಮಳೆಗಾಲದಲ್ಲಿ ಒಂದು ವಾರ. ನಡು ಮುರಿದದ್ದಕ್ಕೆ ಎರಡು ವಾರ ಕೊಡಿ. ಎಪಾಕ್ಸಿ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಪೂರ್ತಿ ಗಟ್ಟಿಯಾಗಲು ಇದರ ಮೇಲೆ ಮತ್ತೆ ಏಳು ದಿನ ಹಿಡಿಯುತ್ತದೆ, ಆ ಏಳು ದಿನ ಕೋಲು ನನ್ನ ಪೆಟ್ಟಿಗೆಯಲ್ಲೇ ಇರುತ್ತದೆ.